ಅಗೆಯಲು ಒಂದು ಹೊಲ ಬೇಕಾಗಿತ್ತು

ಯಂತ್ರ ಮನೆಗೆ ಬಂದು ತಿಂಗಳಾದರೂ ಅದನ್ನು ಹಿಡಿದು ಓಡಾಡಲು ನನಗೊಂದು ಜಾಗ ಸಿಕ್ಕಿರಲಿಲ್ಲ. ನೆಲದಡಿ ಹೂತುಹೋದ ಲೋಹವನ್ನು ಪತ್ತೆ ಹಚ್ಚುವ ಯಂತ್ರ ಅದು, ಮೆಟಲ್ ಡಿಟೆಕ್ಟರ್. ಉದ್ದನೆಯ ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟು ಅಗಲದ ಬಳೆ, ಹಿಡಿಯ ಹತ್ತಿರ ಅಂಕಿ ತೋರಿಸುವ ಪುಟ್ಟ ಪರದೆ. ಲಂಡನ್ನಿನ ರೇನರ್ಸ್ ಲೇನಿನ ನಮ್ಮ ಮನೆಯ ಪ್ಯಾಸೇಜಿನಲ್ಲಿ ಛತ್ರಿಗಳ ಪಕ್ಕ ಅದನ್ನು ಒರಗಿಸಿಟ್ಟಿದ್ದೆ. ಹೋಗುವಾಗ ಬರುವಾಗ ಕಣ್ಣಿಗೆ ಬೀಳುತ್ತಿತ್ತು, ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಇಷ್ಟು ದೊಡ್ಡ ಊರು, ಎತ್ತ ನೋಡಿದರೂ ಪಾರ್ಕು, ಹುಲ್ಲು, ಮೈದಾನ. ಆದರೆ ಅಂಗೈಯಗಲ ಮಣ್ಣು ಅಗೆಯುತ್ತೇನೆ ಅಂದರೆ ಎಲ್ಲರೂ ಅಡ್ಡ ಬರುವವರೇ.

ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ, ಫೋನ್ ಮಾಡಿದೆ. ಕಾಯುವವರಿಗೆಂದು ಹಾಕುವ ಪಿಟೀಲನ್ನು ಬಹಳ ಹೊತ್ತು ಕೇಳಿಸಿದ ಮೇಲೆ ಒಬ್ಬ ಸಿಕ್ಕ. ನಮ್ಮ ಯಾವ ಪಾರ್ಕಿನಲ್ಲೂ ಅದಕ್ಕೆ ಅವಕಾಶವಿಲ್ಲ ಎಂದ. ನಾಯಿಗಳು ದಿನಾ ಅಗೆಯುತ್ತವಲ್ಲ, ಅವಕ್ಕೆ ಯಾರು ಅವಕಾಶ ಕೊಟ್ಟರು ಎಂದು ಕೇಳಿದೆ. ಆತ ನಗಲಿಲ್ಲ. ಮುಂದಿನ ವರ್ಷ ಮತ್ತೊಮ್ಮೆ ವಿಚಾರಿಸಿ ನೋಡಿ ಎಂದು ಬಹಳ ವಿನಯದಿಂದ ಹೇಳಿದ. ಆ ವಿನಯವೇ ನನ್ನನ್ನು ಇನ್ನಷ್ಟು ಕೆರಳಿಸಿತು. ಮುಂದಿನ ವರ್ಷವಂತೆ.

ಅರಮನೆಗೆ ಸೇರಿದ ದೊಡ್ಡ ಪಾರ್ಕುಗಳ ಮಾತೇ ಬೇಡ, ಅಲ್ಲಿ ಈ ಯಂತ್ರ ಹಿಡಿದುಕೊಂಡು ತಿರುಗಿದರೂ ತಪ್ಪಂತೆ. ಥೇಮ್ಸ್ ನದಿಯ ನೀರು ಇಳಿದಾಗ ಕಾಣುವ ಕೆಸರು ದಡದಲ್ಲಿ ಹುಡುಕಬೇಕಾದರೆ ಪರವಾನಗಿ ಬೇಕು, ಪರವಾನಗಿಗೆ ಸರತಿ ಇದೆ, ಆ ಸರತಿಗೆ ಸೇರಿಕೊಳ್ಳುವ ಬಾಗಿಲೇ ಸದ್ಯಕ್ಕೆ ಮುಚ್ಚಿದೆ. ನಮ್ಮ ಕಡೆಯ ಗೋಮಾಳದಂಥ ಬಯಲುಗಳೂ ಇಲ್ಲಿವೆ. ನೋಡಿದರೆ ಯಾರದೂ ಅಲ್ಲ ಅನ್ನಿಸುತ್ತದೆ, ವಿಚಾರಿಸಿದರೆ ಅದಕ್ಕೂ ಒಂದು ಸಮಿತಿ. ಈ ದೇಶದಲ್ಲಿ ಒಡೆಯನಿಲ್ಲದ ನೆಲವೇ ಇಲ್ಲ ಎಂಬುದು ಇಲ್ಲಿ ಇಷ್ಟು ವರ್ಷ ತೆರಿಗೆ ಕಟ್ಟಿದ ಮೇಲೆ ನನಗೆ ಗೊತ್ತಾಯಿತು. ಒಡೆಯ ಹೂಂ ಅನ್ನಬೇಕು, ಆಮೇಲೆ ಸಲಿಕೆ. ಈ ಹವ್ಯಾಸದವರು ಅದಕ್ಕೆ ಪರ್ಮಿಷನ್ ಅನ್ನುತ್ತಾರೆ. ಬೆಂಗಳೂರಿನವರು ಎರಡು ಸೈಟು ಇದೆ ಅಂದ ಹಾಗೆ, ನನ್ನ ಹತ್ತಿರ ಎರಡು ಪರ್ಮಿಷನ್ ಇದೆ ಎಂದು ಎದೆಯುಬ್ಬಿಸಿ ಹೇಳುತ್ತಾರೆ.

ನಮ್ಮ ಹಿತ್ತಲನ್ನು ಮೊದಲ ವಾರವೇ ಮುಗಿಸಿದ್ದೆ. ಸಿಕ್ಕಿದ್ದು ತುಕ್ಕು ಹಿಡಿದ ಮೊಳೆ, ಸೀಸೆಯ ಮುಚ್ಚಳ, ಹಳೆಯ ನಲ್ಲಿಯ ತಿರುಪು, ಚಕ್ರವಿಲ್ಲದ ಆಟಿಕೆ ಕಾರು. ಪಕ್ಕದ ಮನೆಯ ಗುಜರಾತಿ ಹೆಂಗಸು ತಮ್ಮ ಹಿತ್ತಲನ್ನೂ ಕೊಟ್ಟರು. ಕೊಟ್ಟರು ಅಂದರೆ, ತುಳಸಿಯ ಹತ್ತಿರ ಬೇಡ, ಗುಲಾಬಿಯ ಹತ್ತಿರ ಬೇಡ, ಹೊಸ ಹುಲ್ಲಿನ ಮೇಲಂತೂ ಬೇಡವೇ ಬೇಡ ಅಂದರು. ಬಟ್ಟೆ ಒಣಹಾಕುವ ಕಂಬದ ಸುತ್ತ ಉಳಿದ ಜಾಗದಲ್ಲಿ ಒಂದು ಚಮಚ ಸಿಕ್ಕಿತು. ಅಯ್ಯೋ ಇದು ನಮ್ಮದೇ ಎಂದು ಅವರು ಸಂತೋಷದಿಂದ ಒಳಗೆ ಒಯ್ದು ತೊಳೆದಿಟ್ಟುಕೊಂಡರು. ಅಲ್ಲಿಗೆ ನನ್ನ ಸಾಮ್ರಾಜ್ಯ ಮುಗಿಯಿತು.

ಇಷ್ಟೆಲ್ಲ ಯಾಕೆ ಒದ್ದಾಡುತ್ತಿದ್ದೆ ಅಂದರೆ, ನನ್ನ ಬಲಗೈ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಅನಸ್ತೇಶಿಯಾ ಡಾಕ್ಟರಾಗಿದ್ದವಳು. ಧಾರವಾಡದಿಂದ ಬಂದಾಗ ವಯಸ್ಸು ಚಿಕ್ಕದು, ಕೂದಲು ನರೆಯುವ ತನಕ ಅದೇ ಕೆಲಸ. ಒಂದು ದಿನ ಊಟದ ಬಿಡುವಿನಲ್ಲಿ ತೊಡೆಯ ಮೇಲಿಟ್ಟ ಕೈಯ ಹೆಬ್ಬೆರಳೂ ತೋರುಬೆರಳೂ ತಮ್ಮಷ್ಟಕ್ಕೆ ತಾವೇ ಬತ್ತಿ ಹೊಸೆಯುತ್ತಿದ್ದವು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನರರೋಗದ ಡಾಕ್ಟರು ಪಾರ್ಕಿನ್ಸನ್ಸ್ ಎಂಬ ಶಬ್ದ ಉಚ್ಚರಿಸುವ ಬಹಳ ಮೊದಲೇ ನಾನು ಅದನ್ನು ಮನಸ್ಸಿನಲ್ಲಿ ಉಚ್ಚರಿಸಿ ಮುಗಿಸಿದ್ದೆ. ಕೆಲಸ ಬಿಟ್ಟೆ. ಬಿಡಿಸುವ ಮೊದಲೇ ಬಿಟ್ಟೆ, ಅಷ್ಟು ಮರ್ಯಾದೆ ಉಳಿಸಿಕೊಂಡೆ.

ಈ ನಡುಕದ ಸ್ವಭಾವ ವಿಚಿತ್ರ. ಕೈಗೆ ಕೆಲಸ ಇದ್ದಾಗ ಸುಮ್ಮನಿರುತ್ತದೆ, ಕೈ ಸುಮ್ಮನಾದ ಕೂಡಲೇ ಶುರುವಾಗುತ್ತದೆ. ಅಂದರೆ ನಿವೃತ್ತಿಯ ಜೀವನಕ್ಕೆ ಹೇಳಿಮಾಡಿಸಿದ ರೋಗ. ನಮ್ಮನೆಯವರು ಸೋಫಾದ ಮೇಲೆ ಕ್ರಿಕೆಟ್ ನೋಡುತ್ತ ಕೂತರೆ ಅವರ ಪಕ್ಕ ನಾನು ಹತ್ತು ನಿಮಿಷ ಕೂರಲಾರೆ. ಏಳುತ್ತೇನೆ, ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆ ಎಂದು ಮರೆತು ಮೇಲಿನ ಕೋಣೆಗೆ ಹತ್ತುತ್ತೇನೆ, ಕಿಟಕಿಯಲ್ಲಿ ನಿಂತು ಇಳಿದು ಬರುತ್ತೇನೆ. "ಸ್ವಲ್ಪ ಕೂತ್ಗೋ" ಅನ್ನುತ್ತಾರೆ ಅವರು, ಪಾಪ. ಅವರು ರೈಲು ಸಿಗ್ನಲ್ ಎಂಜಿನಿಯರಾಗಿದ್ದವರು, ಸ್ವಭಾವವೂ ಹಾಗೆಯೇ, ಹಸಿರು ಬರುವ ತನಕ ಎಷ್ಟು ಹೊತ್ತಾದರೂ ನಿಲ್ಲಬಲ್ಲರು. ನನಗೆ ಆ ಗುಣ ಹುಟ್ಟಿನಿಂದಲೇ ಇಲ್ಲ.

ಆಸ್ಪತ್ರೆಯ ಗೆಳತಿಯೊಬ್ಬಳ ಗಂಡನಿಗೆ ಈ ಲೋಹ ಹುಡುಕುವ ಹುಚ್ಚು. ಒಮ್ಮೆ ಅವರ ಜೊತೆ ಎಸೆಕ್ಸ್ ಕಡೆಯ ಸಮುದ್ರದಂಡೆಗೆ ಹೋಗಿದ್ದಾಗ, ಹಿಡಿದು ನೋಡಿ ಎಂದು ಆತ ಯಂತ್ರವನ್ನು ನನ್ನ ಬಲಗೈಗೆ ಕೊಟ್ಟ. ನೆಲಕ್ಕೆ ತಾಗದ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತ, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಹೋಗಬೇಕು. ಹೋದೆ. ತಂತಿ ಚೂರು, ತಗಡು, ಎರಡು ಪೆನ್ನಿಯ ನಾಣ್ಯ, ಅಷ್ಟೇ. ತಿರುಗಿ ನೋಡಿದರೆ ಅವರೆಲ್ಲ ಬಹಳ ದೂರದಲ್ಲಿ ಚುಕ್ಕೆಗಳ ಹಾಗೆ ಕಾಣುತ್ತಿದ್ದರು, ಮತ್ತು ಅಷ್ಟೂ ಹೊತ್ತು ನನ್ನ ಕೈ ನಡುಗಿರಲಿಲ್ಲ. ಮನಸ್ಸೂ ಕೂಡ ಎಲ್ಲಿಗೂ ಓಡಿರಲಿಲ್ಲ. ಅಲ್ಲೇ ನಿಂತು ಅತ್ತೆ. ಗಾಳಿಗೆ ಕಣ್ಣಲ್ಲಿ ನೀರು ಬಂತು ಎಂದು ಅವರಿಗೆ ಹೇಳಿದೆ.

ಕೈಯಾದ ಮೇಲೆ ಕಾಲು ಎಂದು ನನಗೆ ಗೊತ್ತು. ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಉಬ್ಬುತಗ್ಗಿನ ನೆಲದಲ್ಲಿ ನಾನೊಬ್ಬಳೇ ಯಂತ್ರ ಹಿಡಿದು ನಡೆಯಬಲ್ಲ ವರ್ಷಗಳು ಇನ್ನೆಷ್ಟೋ, ಅದಕ್ಕೇ ಮುಂದಿನ ವರ್ಷ ವಿಚಾರಿಸಿ ಅನ್ನುವವರ ಮೇಲೆ ನನಗೆ ರಕ್ತ ಕುದಿಯುತ್ತಿತ್ತು. ನನಗೆ ಚಿನ್ನ ಬೇಕಾಗಿರಲಿಲ್ಲ. ಒಂದು ಹೊಲ ಬೇಕಾಗಿತ್ತು, ಮತ್ತು ಅದು ಈಗ ಬೇಕಾಗಿತ್ತು.

ಯುಗಾದಿಗೆ ವೆಂಬ್ಲಿಯ ಒಂದು ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರಿದಾಗ ನಮ್ಮನೆಯವರು ಸುಮ್ಮನಿರಲಾರದೆ ಯಂತ್ರದ ಸುದ್ದಿ ಬಿಟ್ಟರು. ಕೈಯ ಸುದ್ದಿಯನ್ನು ಯಾರಿಗೂ ಹೇಳಕೂಡದು ಎಂದು ನಾನು ತಾಕೀತು ಮಾಡಿದ್ದೆ. ಈಸ್ಟ್ ಹ್ಯಾಮ್‌ನಲ್ಲಿ ಹೋಟೆಲು ಇಟ್ಟಿರುವ ಕುಂದಾಪುರದವರೊಬ್ಬರು ಹೋಳಿಗೆ ಬಡಿಸುತ್ತಲೇ, "ನಿಧಿ ಸಿಕ್ರೆ ಹೇಳಿ ಮಾರಾಯ್ರೆ, ಹೋಟ್ಲ್ ಮುಚ್ಚಿ ನಾನೂ ಬತ್ತೆ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೈಸೂರಿನ ಹಿರಿಯರೊಬ್ಬರು ಮಾತ್ರ ಗಂಭೀರವಾಗಿ, ನೆಲದಲ್ಲಿ ಸಿಕ್ಕ ಬಂಗಾರ ಮನೆಗೆ ಒಳ್ಳೆಯದಲ್ಲ, ತರಬೇಡಿ ಅಂದರು. ಬಲಗೈಯನ್ನು ಸೆರಗಿನ ಒಳಗೆ ಬಿಗಿಯಾಗಿ ಹಿಡಿದುಕೊಂಡಿದ್ದೆ. ಒಳ್ಳೆಯದಲ್ಲದ್ದು ಆಗಲೇ ಮನೆಗೆ ಬಂದು ಕೂತಿದೆ ಸ್ವಾಮಿ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಆಮೇಲೆ ಭಾನುವಾರಗಳೆಲ್ಲ ಊರಿನ ಅಂಚಿನಲ್ಲಿ ಕಳೆದವು. ಲಂಡನ್ ಅಂದರೆ ಬರೀ ಕಟ್ಟಡ ಎಂದು ತಿಳಿದವರಿಗೆ ಅದರ ಅಂಚು ಗೊತ್ತಿಲ್ಲ. ಎನ್‌ಫೀಲ್ಡ್, ಹೇವರಿಂಗ್, ಹಿಲಿಂಗ್ಡನ್ ಕಡೆ ಬಸ್ಸು ಕೊನೆಯ ಸ್ಟಾಪಿನಲ್ಲಿ ತಿರುಗಿಕೊಂಡ ಮೇಲೆ ಗೋಧಿ ಇದೆ, ಕುದುರೆ ಇದೆ, ಸಗಣಿಯ ವಾಸನೆ ಇದೆ. ವಾರವೆಲ್ಲ ನಾನು ಕಂಪ್ಯೂಟರಿನಲ್ಲಿ ಹಳೆಯ ನಕ್ಷೆಗಳನ್ನು ನೋಡುತ್ತಿದ್ದೆ. ಹಳೆಯ ಕಾಲುದಾರಿ, ಕೆರೆಯಂಚು, ನಾಲ್ಕು ಜನ ನಿಂತು ಮಾತಾಡಿರಬಹುದಾದ ಮರ, ಇಂಥ ಕಡೆ ಜನ ಏನಾದರೂ ಬೀಳಿಸಿಕೊಂಡಿರುತ್ತಾರೆ. ಜಾಗ ಹುಡುಕುವುದೇನೋ ಸುಲಭ. ಅದರ ಒಡೆಯನ ಬಾಗಿಲು ಬಡಿಯುವುದಿದೆಯಲ್ಲ, ಅದು ಕಷ್ಟ.

ನಾನು ನೇರವಾಗಿ ಕೇಳುವವಳು. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವರನ್ನು ಹೆಸರೇನು, ಕೊನೆಗೆ ಊಟ ಮಾಡಿದ್ದು ಯಾವಾಗ, ಯಾವ ಔಷಧಿ ಆಗಿಬರುವುದಿಲ್ಲ ಎಂದು ಕೇಳಿ ಅಭ್ಯಾಸ. ಗೇಟಿನಲ್ಲೂ ಹಾಗೆಯೇ ಕೇಳಿದೆ. ನಮಸ್ಕಾರ, ನಿಮ್ಮ ಹೊಲದಲ್ಲಿ ಹುಡುಕಬಹುದೇ, ಸಿಕ್ಕಿದ್ದರಲ್ಲಿ ಅರ್ಧ ನಿಮ್ಮದು. ಒಬ್ಬ ತಲೆಯಾಡಿಸಿ ಬಾಗಿಲು ಹಾಕಿದ. ಇನ್ನೊಬ್ಬ ಟ್ರ್ಯಾಕ್ಟರಿನಿಂದ ಇಳಿಯಲೂ ಇಲ್ಲ. ಒಬ್ಬಾಕೆ ತನ್ನ ಅಳಿಯನೇ ಆ ಹವ್ಯಾಸದವನು ಅಂದಳು. ಪ್ರತಿ ಸಲವೂ ಕಾರಿಗೆ ಮರಳುವಾಗ ನನ್ನ ಮುಖ ನೋಡಿ ನಮ್ಮನೆಯವರು ಏನೂ ಕೇಳದೆ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು. ಕೊನೆಗೊಂದು ದಿನ ಅವರ ತಾಳ್ಮೆಯೂ ಬಾಯಿ ಬಿಟ್ಟಿತು.

"ಹಂಗ ಬಾಗಲದಾಗ ನಿಂತು, ನಿಮ್ಮ ಹೊಲ ಅಗೀಲೇನು ಅಂತ ಕೇಳಿದ್ರ ಯಾರ್ ಹೂಂ ಅಂತಾರ? ಮೊದ್ಲ ಗುರ್ತು ಆಗ್ಲಿ. ಕೆಲಸದ ಮಾತು ಆಮ್ಯಾಲ ತಾನ ಬರ್ತದ."

ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನಮ್ಮ ಕಡೆ ಯಾರೂ ಕೆಲಸ ಇಟ್ಟುಕೊಂಡು ಬಂದೆ ಎಂದು ಹೇಳುವುದಿಲ್ಲ. ಸುಮ್ನ ಬಂದಿದ್ವಿ, ಈ ಕಡೆ ಹೊಂಟಿದ್ವಿ ಅನ್ನುತ್ತಾರೆ. ಕೂರುತ್ತಾರೆ, ಚಹಾ ಆಗುತ್ತದೆ, ಮಕ್ಕಳ ಓದು, ಮೊಣಕಾಲು ನೋವು, ಯಾರ ಮನೆಯಲ್ಲಿ ಏನಾಯಿತು ಎಲ್ಲ ಆಗುತ್ತದೆ. ಎದ್ದು ಬಾಗಿಲಿಗೆ ಬಂದು ಚಪ್ಪಲಿಗೆ ಕಾಲು ತೂರಿಸುವಾಗ, ಅಂದಹಾಗ ಎಂದು ಶುರುಮಾಡಿ ಬಂದ ಕೆಲಸ ಹೇಳುತ್ತಾರೆ. ನನ್ನ ಅಪ್ಪನೂ ನನ್ನ ಮದುವೆಯ ಮಾತನ್ನು ಇವರ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಲೇ ಎತ್ತಿದ್ದರಂತೆ. ಸರಿ, ಈ ಸಲ ನಿಮ್ಮ ದಾರಿಯಲ್ಲೇ ಹೋಗೋಣ ಅಂದೆ.

ಹೇರ್‌ಫೀಲ್ಡಿನ ಆಚೆ, ಲಂಡನ್ನಿನ ಗಡಿ ಇನ್ನೇನು ಮುಗಿಯಿತು ಅನ್ನುವಲ್ಲಿ, ಕಾಲುವೆಯ ಮೇಲಿನ ಏರಿನಲ್ಲಿ ಒಂದು ಹೊಲಮನೆಯಿತ್ತು. ಊರಿನಿಂದ ದೋಣಿಕಟ್ಟೆಗೆ ಇಳಿಯುತ್ತಿದ್ದ ಹಳೆಯ ಕಾಲುದಾರಿ ಆ ಜಮೀನನ್ನು ಹಾದುಹೋಗುತ್ತಿತ್ತು ಎಂದು ನಕ್ಷೆಯಲ್ಲಿ ನೋಡಿ ನನಗೆ ಆಸೆ ಹುಟ್ಟಿತ್ತು. ಒಡತಿ ಎಂಬತ್ತರ ಹತ್ತಿರದ ಮುದುಕಿ, ಗಂಡ ತೀರಿಕೊಂಡು ವರ್ಷಗಳಾಗಿವೆ, ಬೇರೆಯವರ ಕುದುರೆಗಳನ್ನು ಇಟ್ಟುಕೊಂಡು ಸಾಕುತ್ತಾಳೆ, ಕೋಳಿ ಸಾಕಿ ಗೇಟಿನ ಹತ್ತಿರ ಮೊಟ್ಟೆ ಮಾರುತ್ತಾಳೆ. ನಾವು ಮನೆಯಲ್ಲಿ ಅವಳನ್ನು ಅಜ್ಜಿ ಅಂದೇ ಕರೆಯತೊಡಗಿದೆವು. ನಮ್ಮ ಕಡೆ ಅಜ್ಜಿಗೆ ಏಕವಚನವೇ ಪ್ರೀತಿ.

ಮೊದಲ ಸಲ ಮೊಟ್ಟೆ ಕೊಳ್ಳಲು ಹೋದಂತೆ ಹೋದೆವು. ಗೇಟಿನಲ್ಲಿ ಕಾರು ನಿಲ್ಲಿಸಿ, ಮನೆಯ ತನಕದ ಮಣ್ಣುದಾರಿಯಲ್ಲಿ ನಡೆದೆವು. ಅಜ್ಜಿ ಮೇವಿನ ಚೀಲ ಎಳೆಯುತ್ತಿದ್ದಳು. ನಮ್ಮನೆಯವರು ಓಡಿಹೋಗಿ ಹೆಗಲು ಕೊಟ್ಟರು, ಅದಕ್ಕೆ ಅಡುಗೆಮನೆಯಲ್ಲಿ ಚಹಾ ಆಯಿತು. ಕೋಳಿಯ ಮಾತು, ಮಳೆಯ ಮಾತು, ಅವಳ ಸೊಂಟದ ಆಪರೇಷನ್ನಿನ ಮಾತು. ನನಗೆ ಒಳಗೆ ಕೆಂಡದ ಮೇಲೆ ಕೂತ ಹಾಗೆ. ಏಳುವಾಗ ಬೂಟು ಹಾಕಿಕೊಳ್ಳುತ್ತ ಇವರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ. ಕಾರಿನಲ್ಲಿ ಕೇಳಿದರೆ, ಮೊದಲ ದಿನವೇ ಚೆನ್ನಾಗಿರುವುದಿಲ್ಲ ಅಂದರು.

ಎರಡನೆಯ ಸಲ ಬೇಸನ್ ಉಂಡೆ ಮಾಡಿ ಸ್ಟೀಲ್ ಡಬ್ಬಿಯಲ್ಲಿ ತೆಗೆದುಕೊಂಡು ಹೋದೆವು. ಅಜ್ಜಿ ಒಂದು ತಿಂದು, ಇನ್ನೊಂದನ್ನು ಅರ್ಧ ಮುರಿದು, ಕೊನೆಗೆ ಆ ಅರ್ಧವನ್ನೂ ತಿಂದಳು. ಅಷ್ಟು ಸಾಕಾಗಿತ್ತು, ನಮ್ಮನೆಯವರು ಧಾರವಾಡದ ಜಗಲಿಗೆ ಹೋಗಿಬಿಟ್ಟರು. ಒಟ್ಟು ಎಷ್ಟು ಎಕರೆ ಎಂದು ಕೇಳಿದರು. ಮಕ್ಕಳೆಷ್ಟು ಎಂದು ಕೇಳಿದರು. ಒಬ್ಬನೇ ಮಗ, ಕೆನಡಾದಲ್ಲಿದ್ದಾನೆ ಎಂದು ತಿಳಿದಾಗ, ಅಯ್ಯೋ, ಹಾಗಾದರೆ ನಿಮ್ಮ ನಂತರ ಇದನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ ಎಂದು ನಿಜವಾದ ಮರುಕದಿಂದ ಕೇಳಿದರು. ಕಿಟಕಿಯಿಂದ ಹೊರಗೆ ನೋಡಿ, ಎಷ್ಟು ಒಳ್ಳೆಯ ಜಾಗ, ರಸ್ತೆಗೂ ಹತ್ತಿರ, ಈ ಕಡೆ ಎಕರೆಗೆ ಏನು ರೇಟು ನಡೆಯುತ್ತಿದೆ ಅಂದರು. ನಮ್ಮ ಊರಲ್ಲಿ ಇವು ಆಪ್ತರು ಕೇಳುವ ಪ್ರಶ್ನೆಗಳು. ಕೇಳದೇ ಹೋದರೆ ಏನೋ ಕೋಪ ಇರಬೇಕು ಅಂದುಕೊಳ್ಳುತ್ತಾರೆ. ಅಜ್ಜಿಯ ಮುಖ ನಿಧಾನವಾಗಿ ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಅವಳಿಗೆ ಸೊಂಟ ನೋಯುತ್ತಿರಬೇಕು ಅಂದುಕೊಂಡೆ. ಆ ದಿನವೂ ಬೂಟು ಹಾಕಿಕೊಳ್ಳುವಾಗ ಇವರು ಮಾತು ಎತ್ತಲಿಲ್ಲ. ಡಬ್ಬಿ ಅಲ್ಲೇ ಉಳಿದಿದೆಯಲ್ಲ, ಇನ್ನೊಮ್ಮೆ ಬರಲು ನೆಪವಾಯಿತು ಎಂದು ಅವರಿಗೆ ಸಮಾಧಾನ.

ಮೂರನೆಯ ಸಲ ಅಜ್ಜಿ ಗೇಟು ತೆಗೆಯಲಿಲ್ಲ. ಗೇಟಿನ ಆ ಕಡೆ ನಿಂತು, ನಿಮ್ಮನ್ನು ಯಾವ ಕಂಪನಿ ಕಳಿಸಿದ್ದು ಎಂದು ಕೇಳಿದಳು. ನಮಗೆ ತಲೆಬುಡ ತಿಳಿಯಲಿಲ್ಲ. ಅವಳು ಒಂದೇ ಸಮನೆ ಮಾತಾಡಿದಳು. ಮನೆ ಕಟ್ಟಿಸಿ ಮಾರುವವರು ವರ್ಷಕ್ಕೆ ಹತ್ತು ಜನ ಬರುತ್ತಾರೆ, ಕೋಟು ಹಾಕಿಕೊಂಡು ಬರುವವರನ್ನು ಅವಳು ಓಡಿಸಿದ್ದಾಳೆ, ಸಿಹಿ ತಂದುಕೊಟ್ಟು, ಮೇವಿನ ಚೀಲ ಹೊತ್ತು, ಮಗ ಎಲ್ಲಿದ್ದಾನೆ, ನೀನು ಸತ್ತ ಮೇಲೆ ಯಾರಿಗೆ ಎಂದು ಕೇಳುವ ಜಾತಿಯನ್ನು ಇದೇ ಮೊದಲು ನೋಡುತ್ತಿದ್ದಾಳೆ. ತಾನು ಮಾರುವುದಿಲ್ಲ, ಹೋಗಿ ನಿಮ್ಮ ಸಾಹೇಬನಿಗೆ ಹೇಳಿ ಅಂದಳು. ನಮ್ಮನೆಯವರ ಮುಖ ಸುಣ್ಣವಾಯಿತು. ನಾನೇ ಹೇಳಿದೆ, ಮೆಟಲ್ ಡಿಟೆಕ್ಟರ್, ಹವ್ಯಾಸ, ಬರೀ ಅಷ್ಟಕ್ಕೇ.

ಅಜ್ಜಿ ಗೇಟಿನ ಮೇಲೆ ಎರಡೂ ಕೈ ಊರಿದಳು.

"ಮೊದಲ ದಿನವೇ ಕೇಳಿದ್ದರೆ ಮೊದಲ ದಿನವೇ ಇಲ್ಲ ಅಂದುಬಿಡುತ್ತಿದ್ದೆ. ನಿಮ್ಮ ಪೆಟ್ರೋಲಾದರೂ ಉಳಿಯುತ್ತಿತ್ತು."

ಯಾಕೆ ಇಲ್ಲ ಎಂಬುದನ್ನೂ ಹೇಳಿದಳು. ಕೆಲವು ವರ್ಷಗಳ ಹಿಂದೆ ಯಾರೋ ಕದ್ದು ಬೇಲಿ ಹಾರಿ ಬಂದು ಅವಳ ಹೊಲದಲ್ಲಿ ಇದೇ ಯಂತ್ರ ಹಿಡಿದು ಹುಡುಕಿ, ಅಗೆದ ಗುಂಡಿಗಳನ್ನು ಮುಚ್ಚದೆ ಹೋಗಿದ್ದರು. ಬೆಳಿಗ್ಗೆ ಹುಲ್ಲಿಗೆ ಬಿಟ್ಟ ಕುದುರೆಯ ಮುಂಗಾಲು ಒಂದು ಗುಂಡಿಯೊಳಗೆ ಸಿಕ್ಕಿ ಮುರಿಯಿತು. ಕಾಲು ಮುರಿದ ಕುದುರೆಗೆ ಇಲ್ಲಿ ಉಳಿಗಾಲವಿಲ್ಲ. ಅದು ಅವಳದೇ ಕುದುರೆ, ಬೇರೆಯವರದಲ್ಲ. ಇಷ್ಟು ಹೇಳಿ ಅಜ್ಜಿ ಒಳಗೆ ಹೋಗಿ ನಮ್ಮ ಡಬ್ಬಿ ತಂದು ಗೇಟಿನ ಮೇಲಿಂದ ಕೊಟ್ಟಳು.

ಕಾರಿನಲ್ಲಿ ನಾನು ಬಾಯಿ ಬಿಟ್ಟವಳು ರೇನರ್ಸ್ ಲೇನ್ ಬರುವ ತನಕ ಮುಚ್ಚಲಿಲ್ಲ. ನಿಮ್ಮ ಗುರುತು, ನಿಮ್ಮ ಪರಿಚಯ, ನಿಮ್ಮ ಎಕರೆ, ನಿಮ್ಮ ರೇಟು. ನೇರವಾಗಿ ಕೇಳಿದ್ದರೆ ಒಂದು ಇಲ್ಲ ಸಿಗುತ್ತಿತ್ತು, ನಿಮ್ಮ ದಾರಿಯಲ್ಲಿ ಹೋಗಿ ಭೂಗಳ್ಳರೆಂಬ ಹೆಸರೂ ಬಂತು. ಅವರು ಕಾರನ್ನು ಮನೆಯ ಮುಂದೆ ನಿಲ್ಲಿಸಿ ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಖಾಲಿ ಡಬ್ಬಿ ಕೊಟ್ಟಿಲ್ಲ ನೋಡು" ಅಂದರು. ಒಳಗೆ ಕಾಗದದಲ್ಲಿ ಸುತ್ತಿದ ಮೊಟ್ಟೆಗಳಿದ್ದವು. ಮೊಟ್ಟೆಯನ್ನು ಮಂಗಳಾರತಿ ತಟ್ಟೆಯಲ್ಲಿ ಇಟ್ಟು ಪೂಜೆ ಮಾಡಿ ಎಂದು ನಾನು ಬಾಗಿಲು ಬಡಿದು ಒಳಗೆ ಹೋದೆ.

ಆ ಬೇಸಿಗೆ ಪೂರ್ತಿ ನಾನು ಸೆಟೆದುಕೊಂಡೇ ಇದ್ದೆ. ಮನೆಯಲ್ಲಿ ಕೂರಲಾರೆ, ಹೊರಗೆ ಹೋದರೆ ಎಲ್ಲಿಗೆ ಎಂದು ಗೊತ್ತಿಲ್ಲ. ಟ್ಯೂಬ್ ರೈಲು ಹತ್ತಿ ಕೊನೆಯ ಸ್ಟೇಷನ್ನಿಗೆ ಹೋಗಿ ಮರಳಿ ಬರುತ್ತಿದ್ದೆ. ಮಗಳು ಲೀಡ್ಸಿನಿಂದ ಫೋನ್ ಮಾಡಿ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಕೊನೆಗೆ ಜಿಮ್ಮಿಗೆ ಸೇರಿಕೋ, ಅಲ್ಲಿ ನಡೆಯುವ ಯಂತ್ರ ಇರುತ್ತದೆ ಅಂದಳು. ಒಂದೇ ಕಡೆ ನಿಂತು ನಡೆಯುವುದು! ಅವಳ ಮೇಲೂ ರೇಗಿದೆ. ಅದೇ ವಾರ ಪ್ಯಾಸೇಜಿನಲ್ಲಿ ಹೋಗುವಾಗ ನನ್ನ ಬಲಗಾಲಿನ ಮುಂಭಾಗ ಕಾರ್ಪೆಟ್ಟಿನ ಅಂಚಿಗೆ ಸವರಿ ಮುಗ್ಗರಿಸಿದೆ. ಬೀಳಲಿಲ್ಲ, ಗೋಡೆ ಹಿಡಿದೆ. ಕಾರ್ಪೆಟ್ಟನ್ನು ಬಗ್ಗಿ ನೋಡಿದೆ. ಎಲ್ಲೂ ಎದ್ದಿರಲಿಲ್ಲ, ಸಪಾಟಾಗಿತ್ತು. ಪಾದವೇ ಮೇಲೆದ್ದಿರಲಿಲ್ಲ. ನಮ್ಮನೆಯವರಿಗೆ ಹೇಳಲಿಲ್ಲ. ಆ ದಿನ ನನಗೆ ಆದಷ್ಟು ಭಯ, ರಿಪೋರ್ಟು ಕೈಗೆ ಬಂದ ದಿನವೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಯಂತ್ರ, ಸಣ್ಣ ಸಲಿಕೆ, ಒಂದು ಹಳೆಯ ಬೆಡ್‌ಶೀಟು ಕಾರಿಗೆ ಹಾಕಿಕೊಂಡು ನಾನೊಬ್ಬಳೇ ಹೊರಟೆ. ತರಕಾರಿಗೆ ಎಂದು ಹೇಳಿದೆ. ಅಜ್ಜಿ ಕುದುರೆ ಲಾಯದ ಬಾಗಿಲು ಗುಡಿಸುತ್ತಿದ್ದಳು. ನನ್ನನ್ನು ನೋಡಿ ಪೊರಕೆ ನಿಲ್ಲಿಸಿದಳು, ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಸುಮ್ಮನೆ ಬಂದಿದ್ದಲ್ಲ, ಕೆಲಸ ಇದೆ ಎಂದೇ ಶುರುಮಾಡಿದೆ. ಗುಂಡಿ ಮುಚ್ಚುವುದು ಹೇಗೆ ಎಂದು ತೋರಿಸುತ್ತೇನೆ, ನಿನ್ನ ಅಡುಗೆಮನೆಯ ಮುಂದಿನ ಹುಲ್ಲಿನಲ್ಲೇ ತೋರಿಸುತ್ತೇನೆ, ನೀನು ಒಳಗೆ ಹೋಗು, ಆಮೇಲೆ ಬಂದು ಎಲ್ಲಿ ಅಗೆದೆ ಎಂದು ಹುಡುಕು. ಗುರುತು ಸಿಕ್ಕರೆ ಇನ್ನು ಈ ಕಡೆ ತಲೆ ಹಾಕುವುದಿಲ್ಲ. ಸಿಗದಿದ್ದರೆ ಗೇಟಿನ ಪಕ್ಕದ ಸಮತಟ್ಟು ಹೊಲ ಕೊಡು, ಅದೊಂದೇ ಸಾಕು.

ಕಾಯಿಲೆಯ ಮಾತನ್ನು ಎತ್ತಬಾರದು ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡಿದ್ದೆ. ಕೈ ತೋರಿಸಿ ಭಿಕ್ಷೆ ಬೇಡುವ ಹಂತ ಇನ್ನೂ ಬಂದಿರಲಿಲ್ಲ ನನಗೆ. ಅದಕ್ಕೇ ಮಾತಾಡುವಾಗ ಬಲಗೈಯಲ್ಲಿ ಸಲಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದೆ.

ಅಜ್ಜಿ ಪೊರಕೆ ಹಿಡಿದುಕೊಂಡೇ ಒಳಗೆ ಹೋದಳು. ನಾನು ಮಂಡಿಯೂರಿ ಕೂತೆ. ಹುಲ್ಲನ್ನು ಮೂರು ಕಡೆ ಕೊಯ್ದು, ಒಂದು ಕಡೆ ಬಿಟ್ಟು, ಪುಸ್ತಕದ ಹಾಳೆ ಮಗುಚಿದ ಹಾಗೆ ಬೇರಿನ ಸಮೇತ ಮಗುಚಬೇಕು. ಅಗೆದ ಮಣ್ಣನ್ನು ಒಂದು ಕಣವೂ ಹುಲ್ಲಿನ ಮೇಲೆ ಬೀಳದಂತೆ ಬೆಡ್‌ಶೀಟಿನ ಮೇಲೆ ಹಾಕಬೇಕು. ಹಿಂದೆ ತುಂಬುವಾಗ ಸ್ವಲ್ಪ ಸ್ವಲ್ಪವೇ ಹಾಕಿ ಮುಷ್ಟಿಯಿಂದ ಗುದ್ದಿ ಗಟ್ಟಿ ಮಾಡಬೇಕು, ಇಲ್ಲವಾದರೆ ಮಳೆ ಬಂದಾಗ ಕುಸಿಯುತ್ತದೆ, ಕುಸಿದಲ್ಲಿ ಕಾಲು ಸಿಗುತ್ತದೆ. ಹುಲ್ಲನ್ನು ಮುಚ್ಚಿ, ಕೂದಲು ಬಾಚಿದ ಹಾಗೆ ಬೆರಳಿನಿಂದ ಬಾಚಿದೆ. ನಮ್ಮ ಹಿತ್ತಲಿನಲ್ಲಿ ಎಷ್ಟು ಸಲ ಮಾಡಿದ್ದೆನೋ, ಕೈ ತಪ್ಪಲಿಲ್ಲ. ಮುಗಿಯಿತು. ಏಳಲು ಹೋದೆ.

ಏಳಲಾಗಲಿಲ್ಲ. ಮಂಡಿಗಳು ಮಾತು ಕೇಳಲಿಲ್ಲ, ಸೊಂಟದ ಕೆಳಗೆ ಎಲ್ಲವೂ ಬಿಗಿದುಕೊಂಡಿತ್ತು. ಎರಡು ಕೈಯನ್ನೂ ಹುಲ್ಲಿನ ಮೇಲೆ ಊರಿಕೊಂಡು, ಹೀಗೇ ಸ್ವಲ್ಪ ಹೊತ್ತು ಇರೋಣ, ಏನೋ ಹುಡುಕುತ್ತಿದ್ದೇನೆ ಅಂದುಕೊಳ್ಳಲಿ ಎಂದುಕೊಂಡೆ. ಅಜ್ಜಿಯ ಬೂಟುಗಳು ನನ್ನ ಕಣ್ಣ ಮುಂದೆ ಬಂದು ನಿಂತವು. ಅವಳು ಕೈ ಕೊಡಲಿಲ್ಲ. ಅಯ್ಯೋ ಏನಾಯಿತು ಎಂದೂ ಕೇಳಲಿಲ್ಲ. ಮಗ್ಗುಲಿಗೆ ಬಂದು, ಪೊರಕೆಯ ಕೋಲನ್ನು ನನ್ನ ಎಡಗೈ ಹತ್ತಿರ ನೆಲಕ್ಕೆ ಊರಿ ಹಿಡಿದು, ಎಲ್ಲೋ ದೂರ ನೋಡುತ್ತ ನಿಂತಳು. ನಾನು ಅದನ್ನು ಹಿಡಿದು, ಒಂದು ಕಾಲು ಮುಂದಿಟ್ಟು, ಮನಸ್ಸಿನಲ್ಲೇ ಒಂದು ಎರಡು ಮೂರು ಅಂದುಕೊಂಡು ಎದ್ದೆ. ನನ್ನ ಬಲಗೈ ಆಗ ಖಾಲಿಯಾಗಿತ್ತು. ಅದು ತನ್ನ ಬತ್ತಿ ಹೊಸೆಯುವ ಕೆಲಸ ಶುರುಮಾಡಿತು. ಮುಚ್ಚಿಕೊಳ್ಳಲು ಸೆರಗಿರಲಿಲ್ಲ.

ಅವಳು ಹುಲ್ಲಿನ ಮೇಲೆ ಅತ್ತಿಂದಿತ್ತ ನಡೆದಳು, ಹಿಮ್ಮಡಿಯಿಂದ ಅಲ್ಲಲ್ಲಿ ಒತ್ತಿದಳು. ಗುಂಡಿ ಸಿಗಲಿಲ್ಲ. ಅದರ ಮೇಲೆಯೇ ನಿಂತುಕೊಂಡು ಎಲ್ಲಿ ಎಂದು ಕೇಳಿದಳು. ನಿನ್ನ ಕಾಲ ಕೆಳಗೆ ಅಂದೆ. ಒಮ್ಮೆ ಕೆಳಗೆ ನೋಡಿಕೊಂಡು, ಸರಿ ಎಂದು ತಲೆಯಾಡಿಸಿ, ಹೊಲಗಳ ಕಡೆ ತಿರುಗಿದಳು. ಗೇಟಿನ ಪಕ್ಕದ್ದು ಮೇಜಿನ ಹಾಗೆ ಮಟ್ಟಸ. ಮನೆಯ ಹಿಂದಿನದು ಕಾಲುವೆಯ ತನಕ ಇಳಿಜಾರು, ಮೊಣಕಾಲೆತ್ತರದ ಹುಲ್ಲು, ಮೊಲದ ಬಿಲ.

"ಈ ವರ್ಷ ಹಿಂದಿನ ಹೊಲ ಮಾಡು, ಆ ಇಳಿಜಾರಿಂದು," ಅಂದಳು. "ಸಮತಟ್ಟಿನದು ಆಮೇಲೆ ಇರಲಿ."

ನಾನು ಕೇಳಿದ್ದು ಸಮತಟ್ಟಿನದು, ನನಗೆ ಅದೇ ಸುಲಭ ಅಂದೆ.

"ಅದಕ್ಕೇ ಹೇಳಿದ್ದು. ನೀನು ಮೊದಲ ದಿನ ಈ ದಾರಿಯಲ್ಲಿ ನಡೆದು ಬರುವಾಗಲೇ ನೋಡಿದೆ, ನಿನ್ನ ಎಡಗೈ ಬೀಸುತ್ತಿತ್ತು, ಬಲಗೈ ಬೀಸುತ್ತಿರಲಿಲ್ಲ. ನನ್ನ ಗಂಡನಿಗೂ ಹಾಗೇ ಶುರುವಾಗಿದ್ದು. ಇಳಿಜಾರು ಆಗದಾದ ಮೇಲೂ ಅವನು ಸಮತಟ್ಟಿನ ಹೊಲದಲ್ಲಿ ಬಹಳ ವರ್ಷ ನಡೆದ."

ನನಗೆ ಮೊದಲು ಬಂದದ್ದು ಸಿಟ್ಟು. ಯಾರನ್ನು ಕೇಳಿ ನನ್ನ ಕೈ ನೋಡಿದಳು ಇವಳು ಎಂದು. ಆಮೇಲೆ, ಬಹಳ ವರ್ಷ ಎಂಬ ಮಾತು ಕಿವಿಯೊಳಗೆ ಇಳಿಯಿತು. ಇಷ್ಟು ದಿನ ಯಾರೂ ನನಗೆ ಆ ಲೆಕ್ಕದಲ್ಲಿ ಮಾತಾಡಿರಲಿಲ್ಲ, ನಾನೂ ನನ್ನ ಜೊತೆ ಮಾತಾಡಿಕೊಂಡಿರಲಿಲ್ಲ. ಅಜ್ಜಿ ಪೊರಕೆ ಎತ್ತಿಕೊಂಡು ಲಾಯಕ್ಕೆ ಮರಳಿದಳು. ಕುದುರೆಗಳು ಈಗ ಮುಂದಿನ ಹೊಲದಲ್ಲಿವೆ, ಹಿಂದಿನ ಗೇಟು ಮಾತ್ರ ಮರೆಯದೆ ಹಾಕು ಎಂದು ತಿರುಗಿ ನೋಡದೆ ಹೇಳಿದಳು.

ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡು ಅತ್ತೆ, ಈ ಸಲ ಗಾಳಿಯ ನೆಪ ಬೇಕಾಗಲಿಲ್ಲ. ಮೂಗು ಒರೆಸಿಕೊಂಡು ಮನೆಗೆ ಫೋನ್ ಮಾಡಿದೆ. ತರಕಾರಿಗೆ ಹೋಗಿಲ್ಲ, ಅಜ್ಜಿಯ ಹತ್ತಿರ ಬಂದಿದ್ದೇನೆ, ಹೂಂ ಅಂದಳು ಎಂದೆ. ನಮ್ಮನೆಯವರು ಒಮ್ಮೆಗೇ ಎದ್ದು ನಿಂತರೆಂದು ಸೋಫಾದ ಸದ್ದಿನಿಂದಲೇ ಗೊತ್ತಾಯಿತು.

"ಯಾವ ಹೊಲ ಕೊಟ್ಳು?"

"ಎರಡೂ," ಅಂದೆ. "ಮೊದ್ಲ ಇಳಿಜಾರಿಂದು. ಸಮತಟ್ಟಿಂದು ಮುಂದಕ್ಕ ಇಟ್ಗೋ ಅಂದ್ಳು."

ಆ ಕಡೆ ಕ್ರಿಕೆಟ್ಟಿನ ಸದ್ದು ನಿಂತಿತು. ಆಮೇಲೆ, ಬಸ್ಸು ಹಿಡಿದು ಬರುತ್ತೇನೆ, ನಾನು ಬರುವ ತನಕ ಕಾಯಬೇಡ, ನಡೆಯಲು ಶುರುಮಾಡು ಅಂದರು.